ಮನೆಮಗಳಿಗೆ ರಜೆ ಯಾತಕ್ಕೆ?

ನಿಟ್ಟುವಳ್ಳಿಯ ಬಟ್ಟೆ ಅಂಗಡಿ ಶಿವಕುಮಾರನಿಗೆ ರಜೆ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಮೈಯೆಲ್ಲ ಉರಿಯುತ್ತಿತ್ತು. ಅದರಲ್ಲೂ ಮಗಳು ಬಿಂದುವನ್ನು ನೋಡಿಕೊಳ್ಳುವ ಅಂಜಿನವ್ವ ಕೇಳಿದರಂತೂ ಮುಗಿಯಿತು. ಹರಿಹರದಿಂದ ಬಸ್ಸಿನಲ್ಲಿ ಬಂದು, ಕತ್ತಲಾಗುವ ತನಕ ಆ ಒಂದೂವರೆ ವರ್ಷದ ಸುಂಟರಗಾಳಿಯ ಹಿಂದೆ ಓಡುವವಳು ಅವಳು. ಭಾನುವಾರವೂ ಬರುತ್ತಿದ್ದಳು. ಆದರೆ ಶಿವಕುಮಾರ ಸಂಸಾರ ಸಮೇತ ಮಾವನ ಮನೆಗೆ ಹೋದಾಗ ಅಷ್ಟೂ ದಿನದ ಪಗಾರ ಖೋತಾ. (ಮಗುವೇ ಊರಲ್ಲಿಲ್ಲದ ಮೇಲೆ ಪಗಾರ ಯಾತಕ್ಕೆ ಎಂಬುದು ಅವನ ಮಹಾಸಿದ್ಧಾಂತ.)

"ಪಂಚಮಿಗೆ ಒಂದಿನ ರಜಾ ಬೇಕ್ರಿ ಸಾವ್ಕಾರ್ರೆ. ಹೆಣ್ಣುಮಕ್ಕಳ ಹಬ್ಬ," ಎಂದಳು ಅಂಜಿನವ್ವ.

"ಕೊಡ್ರಿ," ಎಂದಳು ಬ್ಯಾಂಕಿಗೆ ಹೊರಟಿದ್ದ ಹೆಂಡತಿ ಸ್ನೇಹಾ. "ನನಗೆ ಬ್ಯಾಂಕಿನಾಗೆ ಕೊಡಲ್ವಾ? ಪಗಾರಾನೂ ಮುರೀಬ್ಯಾಡ್ರಿ."

ಪಂಚಮಿಗೆ ಆನಗೋಡಿನ ಗೆಳೆಯನ ತೋಟದಲ್ಲಿ ಅವನ ಇಸ್ಪೀಟು ನಿಗದಿಯಾಗಿತ್ತು. ಅಂಜಿನವ್ವ ಬರದಿದ್ದರೆ, ಹೆಂಡತಿ ಹಬ್ಬದಡುಗೆಗೆ ನಿಂತಾಗ ಮಗು ತನ್ನ ಕೊರಳಿಗೇ! ಗಾಬರಿಯಲ್ಲಿ ಶಿವಕುಮಾರನಿಗೆ ಒಂದು ದಿವ್ಯ ಉಪಾಯ ಹೊಳೆಯಿತು.

"ಅಂಜಿನಕ್ಕಾ, ರಜಾ ಕೇಳಾಕೆ ನೀನೇನು ಕೆಲಸದಾಕೀನಾ? ನೀ ನಮ್ಮನಿ ಮಗಳು, ನನ್ನ ಸ್ವಂತ ಅಕ್ಕ! ಇದೇ ನಿನ್ನ ತವರುಮನಿ. ತವರು ಬಿಟ್ಟು ಹಬ್ಬಕ್ಕೆ ಎಲ್ಲಿಗೆ ಹೋಗ್ತೀ?"

ಅಂಜಿನವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಂಗಾರ ಇಲ್ಲಿಗೇ ಬರ್ತೀನಿ ತಮ್ಮಾ," ಎಂದಳು. ಶಿವಕುಮಾರ ಮೀಸೆಯ ಮೇಲೆ ಕೈಯಾಡಿಸಿದ.

ಪಂಚಮಿಯ ಬೆಳಿಗ್ಗೆ ಫೋನು ಬಂತು. "ತಮ್ಮಾ, ಕರಿಯಾಕೆ ಯಾವಾಗ ಬರ್ತೀ?"

"ಕರಿಯಾಕಾ? ಬಸ್ಸಿಗೆ ಬಾರಕ್ಕ."

"ಅಯ್ಯ! ತಮ್ಮ ಬಂದು ಕರೀದೆ ತವರಿಗೆ ಹೆಂಗೆ ಬರ್ಲಿ? ಓಣಿ ಮಂದಿ ನಗಲ್ವಾ? ನಿಮ್ಮ ಭಾವಾರು, ಹುಡುಗ್ರು ಎಲ್ಲಾ ರೆಡಿಯಾಗಿ ಕುಂತಾರೆ."

ಇಸ್ಪೀಟಿಗೆ ಹೊರಟಿದ್ದ ಕಾರು ಹರಿಹರಕ್ಕೆ ಹೋಗಿ, ಅಂಜಿನವ್ವ, ಅವಳ ಗಂಡ ನಿಂಗರಾಜ್ ಮತ್ತು ಇಬ್ಬರು ಮಕ್ಕಳನ್ನು ತುಂಬಿಕೊಂಡು ಬಂತು. ಸ್ನೇಹಾ ಆಗಲೇ ಅಂಗಳದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿಸಿದ್ದಳು. ಬಿಂದು ಓಡಿಬಂದು ಅಂಜಿನವ್ವನ ಕಾಲು ತಬ್ಬಿಕೊಂಡಿತು. ಅವಳು ಎತ್ತಿ ಲೊಚಲೊಚ ಮುದ್ದಿಟ್ಟು, ಶಿವಕುಮಾರನ ಕೈಗೆ ವಾಪಸು ಕೊಟ್ಟಳು.

"ತವರಿಗೆ ಬಂದ ಹೆಣ್ಣುಮಗಳು ಕೆಲಸ ಮುಟ್ಟಂಗಿಲ್ಲಪ್ಪ."

ಆಮೇಲೆ ನಡೆದದ್ದು ಘೋರ. ನಿಂಗರಾಜ್ ಮಂಚದ ಮೇಲೆ ಅಡ್ಡಾಗಿ, "ಇನ್ನೆರಡು ಶೇಂಗಾ ಉಂಡಿ ತರ್ರಿ," ಎಂದ. ಅವನ ಮಕ್ಕಳು "ಮಾಮಾ, ಮಾಮಾ" ಎನ್ನುತ್ತ ಶಿವಕುಮಾರನ ಬೆನ್ನೇರಿದರು. "ಅಕ್ಕಗೆ ಸೀರಿ ಎಲ್ರಿ?" ಎಂದು ಸ್ನೇಹಾ ನೆನಪಿಸಿದಳು. ಅಂಗಡಿಯಲ್ಲಿ ಎಷ್ಟೋ ದಿನದಿಂದ ಖರ್ಚಾಗದೆ ಕೂತಿದ್ದ ಸೀರೆಯೊಂದನ್ನು ತಂದುಕೊಟ್ಟರೆ ಅಂಜಿನವ್ವ ಅಂಚು ತಿಕ್ಕಿ ನೋಡಿ, "ಇದು ಬ್ಯಾಡ ತಮ್ಮಾ. ಊಟ ಆದ್ಮ್ಯಾಲೆ ಅಂಗಡಿಗೇ ಹೋಗಿ ಆರಿಸ್ಕೊಂತೀನಿ," ಎಂದಳು.

ಅಂಗಡಿ ಎಂದದ್ದೇ ತಡ, ಶಿವಕುಮಾರ ನೆಲಕಚ್ಚಿದ.

"ಕೈ ಮುಗೀತೀನವ್ವಾ! ನೀ ಅಕ್ಕ ಅಲ್ಲ, ಇದು ತವರೂ ಅಲ್ಲ. ನೀ ಕೆಲಸದಾಕಿ! ಭಾನುವಾರ ರಜಾ, ಹಬ್ಬಕ್ಕೆ ರಜಾ, ನಾವು ಊರಿಗೆ ಹೋದ್ರೂ ಪಗಾರ ಪೂರ್ತಿ. ಸಾಕಾ?"

"ಖರೇನಾ ಸಾವ್ಕಾರ್ರೆ?" ಅಂಜಿನವ್ವನಿಗೆ ಹಿಗ್ಗು ತಡೆಯಲಾಗಲಿಲ್ಲ. "ಇವತ್ತೂ ಹಬ್ಬಾನೇ ಅಲ್ರಿ?"

"ಹೌ... ಹೌದು."

"ಹಂಗಾರ ನಾನೀಗ ಪಗಾರದ ರಜಾದಾಗೆ ಇದೀನಿ," ಎಂದವಳೇ ಜೋಕಾಲಿ ಏರಿದಳು. ಸ್ನೇಹಾ ಕೂಡ ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲಿ ಕೂತಳು.

"ರೀ, ಭಾನುವಾರ ನನಗೂ ರಜಾನೇ. ಇನ್ಮ್ಯಾಲೆ ಅವತ್ತು ಬಿಂದು ನಿಮ್ಮ ಪಾಲು. ತೂಗ್ರಿ ಸ್ವಲ್ಪ."

ಹೆಗಲ ಮೇಲೆ ಬಿಂದು, ಕೈಯಲ್ಲಿ ಜೋಕಾಲಿಯ ಹಗ್ಗ. "ಮತ್ತೆ ನನ್ನ ರಜಾ?" ಎಂದ ಶಿವಕುಮಾರ ಅಳುಮೋರೆಯಲ್ಲಿ.

ಮೇಲೇರುತ್ತಿದ್ದ ಜೋಕಾಲಿಯಿಂದ ಅಂಜಿನವ್ವ ಕೂಗಿದಳು: "ಕೆಲಸಕ್ಕೆ ಸೇರಿ ಇನ್ನೂ ಒಂದಿನ ಆಗಿಲ್ಲ, ಆಗ್ಲೇ ರಜಾ ಕೇಳ್ತೀರಲ್ರೀ!"