ಪ್ಯಾರಿಸ್ ಬೇಡ ಎಂದವಳ ಟೇಬಲ್ಲು

ಟ್ರಾವೆಲ್ ಆಫೀಸಿನಲ್ಲಿ ಕೂತವರು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಪಾಸ್‌ಪೋರ್ಟ್ ಹಿಡಿದು ಬಾಗಿಲು ತಳ್ಳಿಕೊಂಡು ಬರುತ್ತದೆ. ದುಬೈಯ ಸತ್ವಾದಲ್ಲಿ ಎರಡು ಟೈಲರ್ ಅಂಗಡಿಗಳ ನಡುವೆ ಸಿಕ್ಕಿಕೊಂಡಿದ್ದ ನಮ್ಮ ಆಫೀಸಿನಲ್ಲಿ ಯುರೋಪ್ ಪ್ರವಾಸದ ಟೇಬಲ್ ನನ್ನದು. ಅಲ್ಲಿ ಕೂತು ವರ್ಷಗಟ್ಟಲೆ ಒಂದೇ ಮಾತು ಹೇಳಿದೆ: ಪ್ಯಾರಿಸ್, ವೆನಿಸ್ ಎಲ್ಲ ಯೋಗ್ಯತೆಗಿಂತ ಹೆಚ್ಚು ಹೊಗಳಿಸಿಕೊಂಡ ಊರುಗಳು. ಬೆಲ್ಜಿಯಮ್ಮಿನ ಗೆಂಟ್‌ಗೆ ಹೋಗಿ. ಕಾಲುವೆ ಇದೆ, ಕೋಟೆ ಇದೆ, ನೂಕುನುಗ್ಗಲು ಇಲ್ಲ. ಯಾರೂ ಕೇಳಲಿಲ್ಲ. ನಾನೂ ಬಿಡಲಿಲ್ಲ. ಉಡುಪಿ ಕಡೆಯವಳು ನಾನು. ಹಿಡಿದದ್ದನ್ನು ಬಿಡುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

೧. ಟವರ್ ಎಲ್ಲುಂಟು?

ಏರ್‌ಲೈನಿನವರು ಏಜೆಂಟರನ್ನೆಲ್ಲ ಕರೆದುಕೊಂಡು ಹೋದ ಒಂದು ಪ್ರವಾಸದಲ್ಲಿ ನಾನು ಗೆಂಟ್ ನೋಡಿ ಬಂದೆ. ನಮ್ಮ ಬಳಗದಲ್ಲಿ ಒಂದು ಪದ್ಧತಿ ಇತ್ತು. ಯುರೋಪಿಗೆ ಹೋಗಿ ಬಂದವರು ಮುಂದಿನ ಶುಕ್ರವಾರ ಎಲ್ಲರನ್ನೂ ಮನೆಗೆ ಕರೆದು ಆಲ್ಬಮ್ ತೋರಿಸಬೇಕು. ಎಲ್ಲರ ಆಲ್ಬಮ್ಮಿನಲ್ಲೂ ಅದೇ ಒಂದು ಫೋಟೋ: ಐಫೆಲ್ ಟವರಿನ ತುದಿಯನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದದ್ದು. ಹಾಗೆ ಹಿಡಿಯದವರು ಹೋದ ಲೆಕ್ಕಕ್ಕೇ ಇಲ್ಲ.

ನಾನೂ ಗೋಳಿಬಜೆ ಮಾಡಿ ಕರೆದೆ. ಪಕ್ಕದ ಫ್ಲ್ಯಾಟಿನ ಅಕ್ಕ ಆಲ್ಬಮ್ಮನ್ನು ಕೊನೆಯವರೆಗೆ ತಿರುವಿದರು. ಮತ್ತೆ ಮೊದಲಿನಿಂದ ತಿರುವಿದರು.

"ಟವರ್ ಎಲ್ಲುಂಟು?"

"ಮೂರು ಉಂಟಲ್ಲ ಅಕ್ಕ, ಇಲ್ಲಿ ನೋಡಿ."

"ಅದು ಇಗರ್ಜಿ ಮಾರಾಯ್ತಿ. ಇಗರ್ಜಿ ನಮ್ಮ ಮಂಗಳೂರಿನಲ್ಲೇ ಉಂಟು."

ಹೋಗುವಾಗ ಬಾಗಿಲಲ್ಲಿ ನಿಂತು ನನ್ನ ಬೆನ್ನು ಸವರಿದರು. "ಬೇಜಾರು ಮಾಡ್ಬೇಡ. ನಿನಗೂ ಒಂದು ದಿನ ಯುರೋಪಿಗೆ ಹೋಗುವ ಯೋಗ ಬರ್ತದೆ."

೨. ಹಂಚಿಕೊಂಡ ವೆನಿಸ್

ದುಬೈಯದೇ ಅಲ್ ಬರ್ಷಾ ಬಡಾವಣೆಯಿಂದ ಒಂದು ಮೈಸೂರಿನ ಜೋಡಿ ಬಂತು. ವೆನಿಸ್ಸೇ ಬೇಕು, ಅದೂ ಆಗಸ್ಟಿನಲ್ಲಿ. ನಾನು ಬೇಡವೆಂದು ಹೇಳಿ ಹೇಳಿ ಗಂಟಲು ಒಣಗಿಸಿಕೊಂಡೆ. ಹೋದರು. ಬಂದ ಮೇಲೆ ಗಂಡ ನನ್ನೆದುರು ಕೂತು ನೀರು ಕೇಳಿ ಕುಡಿದು ಶುರುಮಾಡಿದರು.

"ಜನ ಅಂದ್ರೆ ಜನ ಮೇಡಂ. ನೀರು ವಾಸನೆ. ದೋಣಿಯವನು ಹಾಡ್ತಾನೆ ಅಂದ್ಕೊಂಡಿದ್ವಿ, ಹಾಡೋಕೆ ಬೇರೆ ದುಡ್ಡಂತೆ! ನಮ್ಮ ಕ್ರೀಕ್‌ನಲ್ಲಿ ಅಬ್ರಾ ದೋಣಿ ಹತ್ತಿದ್ರೆ ಒಂದು ದಿರ್ಹಮ್‌ಗೆ ದಾಟಿಸ್ತಾನೆ, ಬಾಯಿ ಮುಚ್ಕೊಂಡೂ ಇರ್ತಾನೆ."

ನನಗೆ ಒಳಗೊಳಗೇ ಖುಷಿ. ಸುಳ್ಳು ಯಾಕೆ, ಹೊರಗೂ ಸ್ವಲ್ಪ ಕಾಣಿಸಿತು. ಆದರೆ ಮುಂದಿನ ವಾರ ಅವರೇ ಕಳಿಸಿದ ಇನ್ನೊಂದು ಜೋಡಿ ಬಂದು ವೆನಿಸ್ ಟಿಕೆಟ್ ಕೇಳಿತು. ಫೋನ್ ಹಚ್ಚಿ ಕೇಳಿದೆ. "ಏನ್ ಸಾರ್, ನೀವೇ ಹೇಳಿ ಕಳ್ಸಿದ್ರಂತೆ?"

"ಮತ್ತೆ? ನಾವಿಬ್ರೇ ಯಾಕೆ ಅನುಭವಿಸ್ಬೇಕು ಮೇಡಂ?"

೩. ಕಿಶ್ ಕೌಂಟರ್

ನಮ್ಮ ಮಾಲೀಕರು ಮಂಗಳೂರಿನವರು. ಕಿಟಕಿಗೆ ಆಳೆತ್ತರದ ಐಫೆಲ್ ಟವರ್ ಪೋಸ್ಟರ್ ಅಂಟಿಸಿ, ದಿನಾ ಅದರ ಧೂಳು ತಾವೇ ಒರೆಸುತ್ತಿದ್ದರು. ನನ್ನ ಉಪದೇಶ ಕೇಳಿ ಕೇಳಿ ಒಂದು ದಿನ ಅವರಿಗೆ ತಡೆಯಲಿಲ್ಲ.

"ಎಂತ ಮಾರಾಯ್ತಿ, ಹೋಟೆಲಿಗೆ ಬಂದವನಿಗೆ ಮಸಾಲೆದೋಸೆ ಬೇಡ ಅಂತ ಯಾರಾದ್ರೂ ಹೇಳ್ತಾರಾ?"

"ದೋಸೆ ಹಳಸಿದ್ರೆ ಹೇಳ್ಬೇಕಲ್ಲ ಸರ್."

ಅವರ ಕಿವಿ ಕೆಂಪಾಯಿತು. "ಈ ಬೇಸಿಗೆಯೊಳಗೆ ನಿನ್ನ ಗೆಂಟಿಗೆ ಒಂದು ಗುಂಪು ಕಳಿಸಿ ತೋರಿಸು. ಇಲ್ಲದಿದ್ರೆ ಖಲಾಸ್. ಯುರೋಪ್ ಟೇಬಲ್ ಬೇರೆಯವರಿಗೆ, ನೀನು ಕಿಶ್ ಕೌಂಟರಿಗೆ."

ಕಿಶ್ ಎಂದರೆ ಇರಾನಿನ ಒಂದು ದ್ವೀಪ. ವಿಸಿಟ್ ವೀಸಾ ಮುಗಿದವರು ಅಲ್ಲಿಗೆ ಹಾರಿ, ಹೊಸ ವೀಸಾ ಬರುವ ತನಕ ಕಾಯುತ್ತಿದ್ದರು. ಆ ಕೌಂಟರಿನಲ್ಲಿ ಕೂತವಳ ಅಭಿಪ್ರಾಯ ಯಾರಿಗೂ ಬೇಡ. 'ಮೇಡಂ, ಕಿಶ್ ನೋಡೋದಕ್ಕೆ ಚೆನ್ನಾಗಿದೆಯಾ' ಎಂದು ಈ ಲೋಕದಲ್ಲಿ ಒಬ್ಬರೂ ಕೇಳಿದ್ದಿಲ್ಲ. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಮಾತಾಡದೆ ಬದುಕುವುದು ನನ್ನಿಂದಾಗುವ ಕೆಲಸವಲ್ಲ.

"ಕಳಿಸ್ತೇನೆ ಸರ್. ಕಳಿಸಿದ್ರೆ ಆ ಪೋಸ್ಟರ್ ತೆಗೀಬೇಕು."

"ನನ್ನ ಕೈಯಾರೆ ತೆಗೀತೇನೆ."

ಅಷ್ಟರಲ್ಲಿ ಬಾಗಿಲು ತಳ್ಳಿ ಒಬ್ಬರು ಒಳಗೆ ಇಣುಕಿದರು. "ಪ್ಯಾರಿಸ್ ಟೂರ್..." ಎನ್ನುವಷ್ಟರಲ್ಲಿ ನಾನು "ಬೇಡ" ಎಂದೆ. ಬಂದವರು ಪಕ್ಕದ ಟೈಲರ್ ಅಂಗಡಿಗೆ ಹೋಗಿ, ಇವರ ಆಫೀಸ್ ಮುಚ್ಚಿದೆಯಾ ಎಂದು ವಿಚಾರಿಸಿದರಂತೆ.

೪. ಅಮ್ಮನ ಗುರುವಾರ

ಬೇಸಿಗೆ ಮುಗಿಯುತ್ತ ಬಂದಿತ್ತು. ಗೆಂಟಿಗೆ ಒಬ್ಬ ಗಿರಾಕಿಯೂ ಬೀಳಲಿಲ್ಲ. ಮಾಲೀಕರು ಕಿಶ್ ಕೌಂಟರಿನ ಕುರ್ಚಿಯ ಮುರಿದ ಚಕ್ರ ಸರಿಮಾಡಿಸಿದರು, ನನಗೆ ಕಾಣುವ ಹಾಗೆಯೇ.

ಆಗ ಬಂದವರು ದುಬೈಯಲ್ಲೇ ಕೆಲಸದಲ್ಲಿದ್ದ ಬೆಂಗಳೂರಿನ ಒಬ್ಬ ಬ್ಯಾಂಕ್ ಅಧಿಕಾರಿ ಮತ್ತು ಅವರನ್ನು ನೋಡಿ ಹೋಗಲು ಊರಿನಿಂದ ಬಂದಿದ್ದ ಅವರ ತಾಯಿ. ಮೂರು ಸಂಸಾರ ಸೇರಿ ಪ್ಯಾರಿಸ್‌ಗೆ ಹೋಗುವುದೆಂದು ಮಗ ತೀರ್ಮಾನಿಸಿ ಆಗಿತ್ತು. ಅಮ್ಮ ನನ್ನ ಟೇಬಲ್ಲಿನ ಕ್ಯಾಲೆಂಡರ್ ತಿರುಗಿಸಿ ನೋಡಿದರು.

"ಗುರುವಾರ ಬರತ್ತಲ್ಲೋ. ರಾಯರ ವಾರ. ಅವತ್ತು ಮಾಂಸ ಬೇಯೋ ಕಡೆ ನಾನು ನೀರೂ ಮುಟ್ಟಲ್ಲ."

"ಒಂದಿನ ಹಣ್ಣು ತಿಂದ್ರಾಯ್ತಮ್ಮ."

"ಹಣ್ಣು ತಿನ್ನೋಕೆ ಪ್ಯಾರಿಸ್ ಯಾಕೋ? ಸತ್ವಾ ಸಾಲ್ದಾ?"

ನಾನು ಕುರ್ಚಿಯನ್ನು ಮುಂದಕ್ಕೆಳೆದುಕೊಂಡೆ. ಯಾಕೆಂದರೆ ಆ ವರ್ಷವೇ ಗೆಂಟ್‌ನ ಆಡಳಿತದವರು ಗುರುವಾರ ಮಾಂಸ ಬಿಡಿ ಎಂದು ಊರಿಗೆಲ್ಲ ಕರೆ ಕೊಟ್ಟಿದ್ದರು. ಅವರಿಗೆ ಅದು ಆರೋಗ್ಯಕ್ಕೆ, ಭೂಮಿಯ ಒಳ್ಳೆಯದಕ್ಕೆ.

"ಅಮ್ಮ, ಯುರೋಪಿನಲ್ಲಿ ಗುರುವಾರ ಮಾಡುವ ಒಂದು ಊರು ಉಂಟು," ಎಂದೆ. "ಕಡ್ಡಾಯ ಏನಲ್ಲ, ಮಾಡದವರೂ ಇದ್ದಾರೆ. ಆದ್ರೆ ಬರೀ ಸಸ್ಯಾಹಾರದ ಹೋಟೆಲೇ ಉಂಟು. ನಾನೇ ಬುಕ್ ಮಾಡಿಸ್ತೇನೆ."

"ರಾಯರ ಮಠ ಇದ್ಯಾ ಅಲ್ಲಿ?"

"ಇಲ್ಲಮ್ಮ."

ಅಮ್ಮ ಕಣ್ಣು ಮುಚ್ಚಿ ಕೈಮುಗಿದರು. "ಮಠ ಇಲ್ದೇನೇ ಗುರುವಾರ ಮಾಡ್ತಾರಲ್ಲಪ್ಪ! ಮೊದ್ಲು ಆ ಪುಣ್ಯಾತ್ಮರನ್ನ ನೋಡ್ಬೇಕು."

ಮೂರು ಸಂಸಾರವೂ ಗೆಂಟಿಗೆ ಹೊರಟಿತು. ಮಗನ ಹಟಕ್ಕೆ ಒಂದೇ ಒಂದು ದಿನ ಪ್ಯಾರಿಸ್ ಸೇರಿಸಿದೆ. ಮಾಲೀಕರು ಮಾತ್ರ ಪೋಸ್ಟರ್ ಮುಟ್ಟಲಿಲ್ಲ. "ಹೋದದ್ದು ದೊಡ್ಡದಲ್ಲ. ಬಂದು ಬೈಯದಿದ್ರೆ ತೆಗೀತೇನೆ," ಎಂದರು. ಹೋದವರು ವಾಪಸು ಬರುವವರೆಗೆ ನನಗೆ ಅನ್ನ ಸೇರಲಿಲ್ಲ.

ಅಮ್ಮ ನೇರ ಆಫೀಸಿಗೇ ಬಂದರು. ಮಾಲೀಕರೂ ಎದ್ದು ಬಂದು ನಿಂತರು.

"ಗೆಂಟ್ ಹೇಗಿತ್ತಮ್ಮ?"

"ಬಂಗಾರದಂಥ ಊರು ಕಣಮ್ಮ. ಗುರುವಾರ ಹೊಟ್ಟೆ ತುಂಬ ಊಟ ಮಾಡಿ ಕಾಲುವೆ ಪಕ್ಕ ಕೂತು ಸ್ತೋತ್ರ ಹೇಳ್ಕೊಂಡೆ. ಯಾರೂ ಏನೂ ಅನ್ಲಿಲ್ಲ."

"ಮತ್ತೆ ಪ್ಯಾರಿಸ್, ಐಫೆಲ್ ಟವರ್?" ಮಾಲೀಕರು ಆಸೆಯಿಂದ ಕೇಳಿದರು.

ಅಮ್ಮ ಮುಖ ಗಂಟಿಕ್ಕಿದರು. "ಅದನ್ನ ಕೇಳ್ಬೇಡಿ! ತಿರುಪತಿ ಧರ್ಮದರ್ಶನದ ಹಾಗೆ ಕ್ಯೂ. ಕಾಲು ಬೀಳೋ ಹಾಗೆ ನಿಂತು, ನೂಕಿಸ್ಕೊಂಡು ಮೇಲೆ ಹೋದ್ರೆ, ಅಲ್ಲಿ ದೇವರೇ ಇಲ್ಲ ಕಣ್ರೀ!"

ನಾನು ಸ್ಟೂಲ್ ತಂದು ಕಿಟಕಿಯ ಹತ್ತಿರ ಇಟ್ಟೆ ಅಷ್ಟೆ. ಮಾಲೀಕರು ಹತ್ತಿದರು, ಪೋಸ್ಟರ್ ಕಿತ್ತರು.

ಅಮ್ಮ ಇಲ್ಲಿನ ಕನ್ನಡದವರ ಆ ವಾರದ ಭಜನೆಯಲ್ಲಿ ಏನು ಹೇಳಿದರೋ, ಗೆಂಟಿಗೆ ಇನ್ನೆರಡು ಗುಂಪು ಬುಕ್ ಆಯಿತು. ನನ್ನ ಟೇಬಲ್ ನನಗೇ ಉಳಿಯಿತು. ಒಂದು ಬೆಳಿಗ್ಗೆ ನಾನು ಬರುವಾಗ ಮಾಲೀಕರು ಅದೇ ಟೇಬಲ್ಲಿಗೆ ಒರಗಿ, ಫೋನಿನಲ್ಲಿ ಯಾರಿಗೋ ಗಂಭೀರವಾಗಿ ಹೇಳುತ್ತಿದ್ದರು:

"ಪ್ಯಾರಿಸಾ? ಬೇಡ ಮಾರಾಯ್ರೆ. ಅಲ್ಲಿ ಗುರುವಾರವೇ ಇಲ್ಲ!"