ಒಂಬತ್ತು ಸಾವಿರ ವರ್ಷದ ದೊರೆಗೆ, ನನ್ನ ತಮ್ಮನ ಭರಣಿಯ ವಿಚಾರ

ಮಾನ್ಯರಲ್ಲಿ ಮಾನ್ಯರೇ, ಚಕ್ರವರ್ತಿಗೆ ಹತ್ತು ಸಾವಿರ ವರ್ಷ ಆಯುಸ್ಸು ಹಾರೈಸುವ ಈ ರಾಜ್ಯದಲ್ಲಿ ತಮಗೆ ಒಂಬತ್ತೇ ಸಾವಿರ ಸಾಕೆಂದ ವಿನಯಮೂರ್ತಿಗಳೇ, ಅರಮನೆಯ ಖೋಜಾಗಳ ಮಾಜಿ ಮುಖ್ಯಸ್ಥರಾದ ಪಾನ್ ದೆಶುನ್ ಅವರೇ,

ಪೆಕಿಂಗಿನ ಪಶ್ಚಿಮ ಬಾಗಿಲ ಹೊರಗೆ ತೋಫು ಮಾರುವ ಮುದುಕ ಕೌ ಯಿನ್‌ಪಿಂಗ್ ಅಡ್ಡಬಿದ್ದು ಬರೆಯುವುದೇನೆಂದರೆ, ನಾವೆಲ್ಲ ಇಲ್ಲಿ ಕ್ಷೇಮ. ಹೊಸ ಚಕ್ರವರ್ತಿ ತಮ್ಮನ್ನು ಗಡಿಪಾರು ಮಾಡಿದ ಸುದ್ದಿ ಬಂದ ಮೇಲೆ ಇನ್ನೂ ಕ್ಷೇಮ.

ಸಾಲ ತೀರಿಸಲಾಗದೆ ಜೂಜುಕಟ್ಟೆಯವರ ದೊಣ್ಣೆಗೆ ಹೆದರಿ ತಾವು ಚಾಕುವಿನವನ ಮನೆ ಹೊಕ್ಕು, ಅರಮನೆಗೆ ಯೋಗ್ಯರಾಗಿ ಹೊರಬಂದಿರಿ. ಖೋಜಾ ಆದವನು ಕತ್ತರಿಸಿದ್ದನ್ನು ಸುಣ್ಣದ ಭರಣಿಯಲ್ಲಿಟ್ಟು ಬಡ್ತಿಯಾದಾಗಲೆಲ್ಲ ತಪಾಸಣೆಗೆ ತೋರಿಸಬೇಕು, ಸತ್ತಾಗ ಜೊತೆಗೇ ಹೂಳಬೇಕು, ಇಲ್ಲವಾದರೆ ಪರಲೋಕದಲ್ಲಿ ಹಿರಿಯರು ಒಳಗೆ ಸೇರಿಸರು, ಮುಂದಿನ ಜನ್ಮ ಹೆಣ್ಣು ಹೇಸರಗತ್ತೆಯದು. ತಮ್ಮದನ್ನು ಮಾತ್ರ ನಾಯಿ ಕಚ್ಚಿಕೊಂಡು ಹೋಗಿತ್ತು. ಆ ನಾಯಿಗಿದ್ದ ಧೈರ್ಯ ಆಮೇಲೆ ಯಾವ ಮಂತ್ರಿಗೂ ಬರಲಿಲ್ಲ.

ಆಗ ತಾವು, ತಮ್ಮಂತೆಯೇ ಖೋಜಾ ಆಗಿ ಅರಮನೆಯ ಅಂಗಳ ಗುಡಿಸುತ್ತಿದ್ದ ನನ್ನ ತಮ್ಮ ಯಿನ್‌ಶಾನ್‌ನ ಹೆಗಲಿಗೆ ಕೈಹಾಕಿ, "ಏ ತಮ್ಮಾ, ನಿನ್ ಭರಣಿ ಒಂದ್ಸಲ ಕೊಡೋ, ತೋರಿಸ್ಬಿಟ್ಟು ಸಂಜೆಗೆ ತಂದ್ಕೊಡ್ತೀನಿ" ಎಂದಿರಿ. ಆ ಸಂಜೆ ಇನ್ನೂ ಆಗಿಲ್ಲ. ಅದೇ ಭರಣಿ ತೋರಿಸಿ ತಾವು ಚಹಾ ಹೊರುವವರಿಂದ ಉಗ್ರಾಣಕ್ಕೆ, ಉಗ್ರಾಣದಿಂದ ರಾಜಮುದ್ರೆಗೆ ಏರಿದಿರಿ. ತೋರಿಸಲು ಏನೂ ಇಲ್ಲದ ನನ್ನ ತಮ್ಮ ಗುಡಿಸುತ್ತಲೇ ಉಳಿದ. ಗಡ್ಡ ನೆರೆತ ಮಂತ್ರಿಗಳು ಗಡ್ಡವೇ ಬಾರದ ತಮ್ಮನ್ನು "ಅಪ್ಪಾಜಿ" ಎಂದು ಕರೆದು ದತ್ತುಪುತ್ರರಾದರು. ನನ್ನ ಅವರೆ ಹೊಲದಲ್ಲಿ ತಮ್ಮದೇ ಗುಡಿಯೆದ್ದಿತು. ಸತ್ತ ಮೇಲಷ್ಟೇ ದೇವರಾಗಬೇಕೆಂಬ ಹಳೆಯ ಪದ್ಧತಿಯನ್ನು ತಾವು ಮುರಿದು, ಸಾಯುವ ಕೆಲಸವನ್ನು ಆ ಗುಡಿಗೆ ಕಲ್ಲೆಳೆದ ನನ್ನ ಹೇಸರಗತ್ತೆಗೆ ಒಪ್ಪಿಸಿದ ಔದಾರ್ಯವನ್ನು ಹೇಗೆ ಹೊಗಳಲಿ!

ಈಗ ನನ್ನ ತಮ್ಮ ಯಿನ್‌ಶಾನ್ ನಮ್ಮ ಮನೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದಾನೆ. "ಅಣ್ಣಾ, ಅಲ್ಲಿ ಅಮ್ಮ ಬಾಗ್ಲಿಗೆ ಬಂದು 'ಯಾರಪ್ಪಾ ನೀನು' ಅಂದ್ಬಿಟ್ರೆ?" ಎನ್ನುತ್ತಾನೆ. "ಬೈಯೋಕಾದ್ರೂ ಗುರುತು ಹಿಡೀತಾಳೆ ಬಿಡೋ" ಎಂದು ನಾನು ನಗಿಸಲು ಹೋದರೆ, ನನ್ನವಳು ಒಲೆಯ ಮುಂದಿನಿಂದ, "ನಗ್ಸಿದ್ದು ಸಾಕು, ಹೋಗಿ ಆ ಕಳ್ಳನ್ನ ಕೇಳ್ರೀ!" ಎನ್ನುತ್ತಾಳೆ. ಅದಕ್ಕೇ ಕೇಳುತ್ತಿದ್ದೇನೆ.

ತಮ್ಮ ಮನೆಗೆಲ್ಲ ಬೀಗಮುದ್ರೆ ಬಿದ್ದರೂ ಭರಣಿಯೊಂದನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದೀರೆಂದು ಕಾವಲಿನವರು ಹೇಳಿದರು. ನಾಳೆ ತಮ್ಮ ಬಂಡಿ ನಮ್ಮ ಅಂಗಡಿಯ ಮುಂದೆಯೇ ಹಾಯುತ್ತದೆ. ದಯವಿಟ್ಟು ಅದನ್ನು ಇಳಿಸಿಹೋಗಿ. ಆಗದಿದ್ದರೆ, ಜೀವಂತ ದೇವರಾದ ತಾವು ನಮ್ಮಮ್ಮನಿಗೊಂದು ಶಿಫಾರಸು ಪತ್ರ ಕೊಡಿ. ಅದೂ ಆಗದಿದ್ದರೆ ಆ ನಾಯಿಯನ್ನಾದರೂ ಹುಡುಕಿಸಿ. ತಪಾಸಣೆಯವರು ಪ್ರತಿ ಸಲ ಒಪ್ಪಿದ್ದು ನನ್ನ ತಮ್ಮನನ್ನೇ. ಹಾಗಾಗಿ ಏರಿದ್ದೆಲ್ಲ ಅವನು, ಬಿದ್ದದ್ದು ಮಾತ್ರ ಪೂರ್ತಿ ತಮ್ಮ ಸ್ವಂತದ್ದು.

ಇಂತಿ ತಮ್ಮ ವಿಶ್ವಾಸಿ,
ತಮ್ಮನ ಅಣ್ಣ,
ಕೌ ಯಿನ್‌ಪಿಂಗ್

ವಿ.ಸೂ.: ಭರಣಿ ಕೊಟ್ಟ ಮೇಲೆ ಮುಂದಿನ ಜನ್ಮ ಹೇಗೋ ಎಂಬ ಚಿಂತೆ ಬೇಡ. ನಮ್ಮ ಬೀಸುವ ಕಲ್ಲಿಗೆ ಹೇಸರಗತ್ತೆಯೇ ಇಲ್ಲ. ಗುಡಿಯಲ್ಲಿರುವ ತಮ್ಮ ವಿಗ್ರಹದ ಕುತ್ತಿಗೆಯ ಅಳತೆ ತೆಗೆದು ಕೊರಳಪಟ್ಟಿಯನ್ನು ಈಗಾಗಲೇ ಹೊಲಿಸಿಟ್ಟಿದ್ದೇನೆ.