ಟೇಪಿಗೆ ಕಟ್ಟಿದ ಜೀಪು

ನಮ್ಮ ಸೋದರಮಾವ ಕೊತ್ತಂಬರಿ ಸೊಪ್ಪು ತರಲಿಕ್ಕೂ ಫೋರ್ ವೀಲ್ ಹಾಕುವ ಮನುಷ್ಯ. ಸುಳ್ಳಲ್ಲ, ನನ್ನ ಡೈರಿಯಲ್ಲಿದೆ. ಹೊಸಪೇಟೆಯ ನಮ್ಮ ಮನೆಯಿಂದ ಮಾರ್ಕೆಟ್ಟಿಗೆ ಆರುನೂರು ಹೆಜ್ಜೆ. ದಾರಿ ಪೂರ್ತಿ ಡಾಂಬರು, ನಡುವೆ ಒಂದೇ ಒಂದು ರಸ್ತೆ ಉಬ್ಬು. ಆ ಉಬ್ಬಿನ ಮುಂದೆ ಮಾವ ಜೀಪು ನಿಲ್ಲಿಸಿ, ಸಣ್ಣ ಗೇರು ಎಳೆದು, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟು, ದಾಟಿದ ಮೇಲೆ ಮತ್ತೆ ನಿಲ್ಲಿಸಿ ಗೇರು ಹಿಂದಕ್ಕೆ ತಳ್ಳಿ, ಹೋಗಿ ಎರಡು ಕಟ್ಟು ಕೊತ್ತಂಬರಿ ತಂದರು. ಯಾಕೆ ಎಂದು ಕೇಳಿದೆ. "ಗಾಡಿಗೆ ಅಭ್ಯಾಸ ತಪ್ಪಬಾರ್ದಲೇ ಅಳಿಯಾ!" ಎಂದರು.

ನಾನು ಅವರ ಮನೆಯಲ್ಲಿದ್ದುಕೊಂಡು ತುಂಗಭದ್ರಾ ಡ್ಯಾಮಿನ ಕಾಲುವೆ ಕಚೇರಿಗೆ ಹೋಗಿ ಬರುತ್ತೇನೆ. ದಿನಾ ನೀರಿನ ಮಟ್ಟ ಬರೆದಿಡುವುದು ನನ್ನ ಕೆಲಸ. ಬರೆಯುವ ಚಟ ಕಚೇರಿಯಲ್ಲೇ ನಿಲ್ಲುತ್ತದೆಯೇ? ಮನೆಗೆ ಬಂದು ಮಾವನ ಮಟ್ಟವನ್ನೂ ಬರೆಯುತ್ತೇನೆ. ಕಾಲುವೆಗಿಂತ ಅಲ್ಲೇ ಏರಿಳಿತ ಜಾಸ್ತಿ.

ಈ ಜೀಪು ಒಂದು ಕಾಲಕ್ಕೆ ಸಂಡೂರಿನ ಗಣಿಗಳಿಗೆ ಬಾಡಿಗೆಗೆ ಓಡಿದ್ದು. ಸೀಟಿನ ಮೇಲೆ ಜೋರಾಗಿ ಕೂತರೆ ಇವತ್ತಿಗೂ ಹೊಲಿಗೆಯೊಳಗಿಂದ ಕೆಂಪು ಧೂಳು ಏಳುತ್ತದೆ. ಅದರ ಡ್ಯಾಶ್‌ಬೋರ್ಡಿನ ನಡುವೆ ಒಂದು ಕ್ಯಾಸೆಟ್ ಟೇಪು ಇತ್ತು. ಇತ್ತು ಎಂದರೆ, ಮೊನ್ನೆಯ ಭಾನುವಾರದವರೆಗೆ ಇತ್ತು. ಅದರ ವಾಲ್ಯೂಮ್ ಗುಂಡಿ ಯಾವಾಗಲೋ ಉದುರಿ, ದನಿ ಪೂರ್ತಿ ಏರಿದ ಜಾಗದಲ್ಲೇ ನಿಂತುಬಿಟ್ಟಿತ್ತು. ಕ್ಯಾಸೆಟ್ಟೂ ಒಳಗೇ ಸಿಕ್ಕಿಕೊಂಡಿತ್ತು. ಮದುವೆ ಮನೆಯಲ್ಲಿ ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಒಬ್ಬರನ್ನೊಬ್ಬರು ಹಂಗಿಸುವ ಹಾಡುಗಳ ಕ್ಯಾಸೆಟ್ಟು ಅದು. ಸಂಡೂರಿನ ಘಾಟಿ ಹತ್ತುವಾಗ ಟೇಪು ಎಳೆದು ಹಾಡುವ ಹೆಂಗಸು ಗಂಡಸಾಗುತ್ತಿದ್ದಳು, ಇಳಿಯುವಾಗ ಅದೇ ಟೇಪು ಓಡಿ ಗಂಡಸು ಕೂಸಾಗುತ್ತಿದ್ದ. ದರೋಜಿಯ ಕರಡಿಧಾಮದ ಹತ್ತಿರ ಈ ಹಾಡು ಕೇಳಲು ಕರಡಿಗಳು ಬಂಡೆಯ ಮೇಲೆ ಬಂದು ಕೂರುತ್ತವೆ ಎಂದು ಮಾವ ಹೇಳುತ್ತಾರೆ. ನಾನು ಅವರ ಜೊತೆ ಒಂಬತ್ತು ಸಲ ಆ ದಾರಿಯಲ್ಲಿ ಹೋಗಿದ್ದೇನೆ. ಕಂಡ ಕರಡಿಗಳು: ಸೊನ್ನೆ. ಓಡಿಹೋದ ಕುರಿ ಹಿಂಡು: ಎರಡು.

ಹಾಗಾದರೆ ಬದಲಾಯಿಸಬಾರದೇ? ಅಲ್ಲೇ ಇದೆ ಮಾವನ ಸಿದ್ಧಾಂತ. ಬ್ಯಾಟರಿಯ ಕರೆಂಟು ಮೊದಲು ಟೇಪಿಗೆ ಬರಬೇಕು, ಅಲ್ಲಿಂದ ಹಾರ್ನು, ಲೈಟು, ವೈಪರುಗಳಿಗೆ ಹೋಗಬೇಕು. ಹಾಡು ಎಳೆದರೆ ಬ್ಯಾಟರಿ ಇಳಿದಿದೆ ಎಂದರ್ಥ. ಗೊರಗೊರ ಎಂದರೆ ಎಲ್ಲೋ ವೈರು ಸಡಿಲಾಗಿದೆ. "ಡಾಕ್ಟ್ರು ಎದಿಗೆ ಕೊಳವಿ ಹಚ್ಚಿ ಕೇಳ್ತಾರಲ್ಲ, ಹಂಗಲೇ ಇದು," ಎನ್ನುತ್ತಿದ್ದರು. ಇಡೀ ಜೀಪಿನ ವೈರಿಂಗು ಅವರೇ ತಮ್ಮ ಕೈಯಾರೆ ಮಾಡಿದ್ದು.

ಮೂರು ವರ್ಷದ ಹಿಂದೆ ಎಮ್ಮಿಗನೂರಿನಲ್ಲಿ ಅತ್ತೆಯ ದೊಡ್ಡಪ್ಪ ತೀರಿಕೊಂಡರು. ಮಾವ, ಅತ್ತೆ, ಹಿಂದಿನ ಸೀಟಿನಲ್ಲಿ ನಾನು, ಮೂವರೂ ಹೊರಟೆವು. ಹೊರಡುವ ಮೊದಲು ಮಾವ ಟೇಪಿನ ಹಿಂದಿದ್ದ ಒಂದು ವೈರು ಕಿತ್ತು ಅದನ್ನು ಸುಮ್ಮನಾಗಿಸಿದ್ದರು. ಅಷ್ಟು ತಿಳಿವಳಿಕೆ ಅವರಿಗಿದೆ. ಆದರೆ ಸತ್ತವರ ಮನೆಯ ಮುಂದೆಯೇ ಒಂದು ತಗ್ಗಿತ್ತು. ಜೀಪು ಕುಣಿಯಿತು, ಕಿತ್ತ ವೈರು ಹೋಗಿ ತನ್ನ ಜಾಗಕ್ಕೆ ತಗುಲಿತು. ಭಜನೆಯವರ ನಡುವೆ ಬೀಗರನ್ನು ಹಂಗಿಸುವ ಹಾಡು ಸಿಡಿಯಿತು!

"ಬಂದ್ ಮಾಡ್ರೀ ಅದನ್ನ!" ಎಂದರು ಅತ್ತೆ.

"ಬಂದ್ ಆದ್ರ ತಾನ!"

ಮಾವ ಕೀಲಿ ತಿರುಗಿಸಿದರು. ಇಂಜಿನ್ ನಿಂತಿತು, ಹಾಡು ನಿಲ್ಲಲಿಲ್ಲ. ಬಾನೆಟ್ ಎತ್ತಿ, ಸ್ಪ್ಯಾನರ್ ಹುಡುಕಿ, ಬ್ಯಾಟರಿಯ ಕೊಂಡಿ ಬಿಚ್ಚುವಷ್ಟರಲ್ಲಿ ಏಳು ನಿಮಿಷ. ಅಷ್ಟರೊಳಗೆ ಕ್ಯಾಸೆಟ್ಟಿನವರು ಬೀಗತಿಯ ಮೂಗು, ನಡಿಗೆ, ಹೋಳಿಗೆ ಎಲ್ಲವನ್ನೂ ಹಂಗಿಸಿ ಮುಗಿಸಿದ್ದರು. ಕಟ್ಟೆಯ ಮೇಲೆ ಕೂತಿದ್ದ ಅಜ್ಜನೊಬ್ಬನಿಗೆ ಹತ್ತು ವರ್ಷದಿಂದ ಕಿವಿ ಕೇಳುತ್ತಿರಲಿಲ್ಲವಂತೆ. ಅವನು ಎದ್ದು ನಿಂತು, "ಯಾರ ಮದುವಿಯಪ್ಪಾ?" ಎಂದು ಕೇಳಿದ.

ಅತ್ತೆ ಇಳಿದರು. ನನ್ನ ಕಡೆ ತಿರುಗಿ, "ಆ ಪೆಟ್ಟಿಗಿ ಜೀಪಿನ್ಯಾಗ ಇರೋತನಕ ನಾ ಈ ಜೀಪು ಹತ್ತಂಗಿಲ್ಲ. ಬರಕೋ ನಿನ್ನ ಬುಕ್ಕಿನ್ಯಾಗ," ಎಂದರು. ಬರೆದುಕೊಂಡೆ. ಮಾವ ಆದರೂ ತಪ್ಪಾಯಿತು ಅನ್ನಬಹುದಿತ್ತಲ್ಲ? "ಟೇಪಿಂದೇನು ತಪ್ಪಲೇ? ಅದರ ಕೆಲಸ ಅದು ಮಾಡ್ತು," ಎಂದರು. ಅದನ್ನೂ ಬರೆದುಕೊಂಡೆ.

ಅತ್ತೆಯ ಅಕ್ಕ ಇರುವುದು ಕಂಪ್ಲಿಯಲ್ಲಿ. ತಿಂಗಳಿಗೊಮ್ಮೆ ಅಲ್ಲಿಗೆ ಹೋಗದಿದ್ದರೆ ಅತ್ತೆಗೆ ಊಟ ಸೇರುವುದಿಲ್ಲ. ಎಮ್ಮಿಗನೂರಿನ ನಂತರ ಬಸ್ಸಿನಲ್ಲಿ ಹೋಗತೊಡಗಿದರು. ಮಾವ ಏನು ಮಾಡಿದರು ಗೊತ್ತೇ? ಜೀಪು ತೆಗೆದುಕೊಂಡು ಆ ಬಸ್ಸಿನ ಹಿಂದೆಯೇ ಹೋಗತೊಡಗಿದರು! ಬಸ್ಸು ನಿಂತಲ್ಲೆಲ್ಲ ಜೀಪು ನಿಲ್ಲುತ್ತಿತ್ತು. ಮೂರು ವರ್ಷದಲ್ಲಿ ಮೂವತ್ತೊಂದು ಸಲ. ಅದರಲ್ಲಿ ಹತ್ತು ಸಲ ನಾನೂ ಇದ್ದೆ, ಹಿಂದಿನ ಸೀಟಿನಲ್ಲಿ. ಮುಂದೆ ಖಾಲಿಯಿದ್ದರೂ ನನ್ನನ್ನು ಕೂರಿಸುತ್ತಿರಲಿಲ್ಲ. ಒಮ್ಮೆ ಕಂಡಕ್ಟರ್ ಅತ್ತೆಯನ್ನು ಕೇಳಿದನಂತೆ: "ಅಕ್ಕಾರ, ಹಿಂದ ಬರೋ ಜೀಪು ನಿಮ್ಮದೇನ್ರಿ? ಕಮಲಾಪುರದಿಂದ ಹಾಡು ಕೇಳಿ ಕೇಳಿ ಸಾಕಾತು."

"ಯಾರದೋ ಏನೋ, ನನಗೊತ್ತಿಲ್ಲರಿ," ಎಂದರಂತೆ ಅತ್ತೆ.

ಈ ವರ್ಷ ಅತ್ತೆಯ ಮೊಣಕಾಲು ಕೈಕೊಟ್ಟಿತು. ಬಸ್ಸಿನ ನೂಕುನುಗ್ಗಲಿಗೆ ಹೋಗಲೇಕೂಡದು ಎಂದರು ಡಾಕ್ಟರು. ಎರಡು ತಿಂಗಳು ಕಂಪ್ಲಿ ತಪ್ಪಿತು. ಅಷ್ಟರಲ್ಲಿ ಅಲ್ಲಿಂದ ಫೋನು: ಅಕ್ಕನಿಗೆ ಮೊಮ್ಮಗಳು ಹುಟ್ಟಿದ್ದಾಳೆ, ಭಾನುವಾರ ಸಂಜೆ ನಾಲ್ಕಕ್ಕೆ ತೊಟ್ಟಿಲು. ಬಾಡಿಗೆ ಕಾರು ಮಾಡೋಣ ಎಂದೆ. "ಮನ್ಯಾಗ ಗಾಡಿ ಇಟ್ಕೊಂಡು ಬಾಡಿಗಿ ಕಾರಿನ್ಯಾಗ ಹೋಗಿ ಇಳಿದ್ರ ಮಂದಿ ಏನಂತಾರ? ನಾ ಹೋಗೂದ ಬ್ಯಾಡ ಬಿಡು," ಎಂದರು ಅತ್ತೆ. ಸಿಟ್ಟಿನಿಂದ ಹೇಳಿದ್ದರೆ ಪರವಾಗಿರಲಿಲ್ಲ. ಮೆಲ್ಲಗೆ ಹೇಳಿ, ಕೂಸಿಗೆಂದು ತಂದಿದ್ದ ಸಣ್ಣ ಅಂಗಿಯನ್ನು ಮಡಿಸಿ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರು. ಮಾವ ಚಹಾ ಕುಡಿಯುತ್ತಿದ್ದವರು ನೋಡಿದರು. ಬಟ್ಟಲು ಕೆಳಗಿಟ್ಟು, ನನಗಷ್ಟೇ ಕೇಳುವಂತೆ ಹೇಳಿದರು: "ಅಳಿಯಾ, ಟೇಪ್ ಬಿಚ್ಚಿಸಿಬಿಡೂಣು."

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಬಸ್ ಸ್ಟ್ಯಾಂಡಿನ ಹಿಂದಿನ ವೈರಿಂಗ್ ಅಂಗಡಿಯಲ್ಲಿದ್ದೆವು. ಹಳೆಯದು ಬಿಚ್ಚಿ ಹೊಸ ಟೇಪು ಕೂರಿಸುವುದು ಅರ್ಧ ಗಂಟೆಯ ಕೆಲಸ ಎಂದ ಮೇಸ್ತ್ರಿ. ಹಳೆಯ ಟೇಪನ್ನು ಹೊರಗೆಳೆದು ಒಂದು ವೈರು ಕಿತ್ತ, ಹಾರ್ನು ಹೋಯಿತು. ಇನ್ನೊಂದು ಕಿತ್ತ, ಹೆಡ್‌ಲೈಟು ಹೋಯಿತು. ಮೂರನೆಯದಕ್ಕೆ ವೈಪರು ತಾನಾಗಿ ಎದ್ದು, ಒಣ ಗಾಜನ್ನು ಒಮ್ಮೆ ಒರೆಸಿ, ನಡುವೆ ನಿಂತುಬಿಟ್ಟಿತು. ಹನ್ನೊಂದು ವೈರು ಬಿಚ್ಚುವಷ್ಟರಲ್ಲಿ ಕೀಲಿ ತಿರುಗಿಸಿದರೂ ಜೀಪು ಕೆಮ್ಮುತ್ತಿರಲಿಲ್ಲ. ಮೇಸ್ತ್ರಿ ತಲೆಯ ಮೇಲೆ ಕೈಹೊತ್ತ. "ಸಾವ್ಕಾರ್ರ, ಇದು ಜೀಪಿಗೆ ಹಾಕಿದ ಟೇಪಲ್ಲರಿ. ಟೇಪಿಗೆ ಕಟ್ಟಿದ ಜೀಪು!"

"ಮತ್ತ ನಾ ಏನು ಹೇಳ್ದೆ?" ಎಂದರು ಮಾವ, ಹೆಮ್ಮೆಯಿಂದ.

"ಎಲ್ಲಾ ಕರಿ ವೈರ ಹಾಕೀರಲ್ಲ, ಯಾವುದು ಎಲ್ಲಿಗಿ ಅಂತ ನಾ ಹೆಂಗ ತಿಳ್ಕೊಳ್ಲಿ?"

"ಒಂದ ಸುರುಳಿ ಸಿಕ್ಕಿತ್ತು, ಹಾಕಿದೆ. ಗುರುತಿಗೆ ದಾರ ಕಟ್ಟೀನಿ ನೋಡು."

ಹೌದು, ಪ್ರತಿ ವೈರಿನ ತುದಿಗೂ ಒಂದೊಂದು ದಾರ. ಅತ್ತೆ ತಮ್ಮ ಸೀರೆಗಳಿಗೆ ತಾವೇ ಫಾಲ್ ಹಚ್ಚುತ್ತಾರೆ, ಸೀರೆಗೆ ಒಪ್ಪುವ ಬಣ್ಣದ ದಾರ ತರುತ್ತಾರೆ. ಉಳಿದ ದಾರವನ್ನು ಮಾವ ಎತ್ತಿಟ್ಟುಕೊಂಡು ವೈರುಗಳಿಗೆ ಕಟ್ಟಿದ್ದರು. ಯಾವ ವೈರಿಗೆ ಯಾವ ಸೀರೆ ಎಂಬುದು ಅವರಿಗೆ ಬಾಯಿಪಾಠ. ಹಾರ್ನು ಯುಗಾದಿಯ ಸೀರೆ. ಹೆಡ್‌ಲೈಟು ಅತ್ತೆಯ ತಮ್ಮನ ಮದುವೆಯದು. ವೈಪರು ಗೌರಿ ಹಬ್ಬದ್ದು.

"ಭಾಳ ಚೊಲೊ ಆತು," ಎಂದ ಮೇಸ್ತ್ರಿ. "ಯುಗಾದಿ ಸೀರಿ ಯಾವ ಬಣ್ಣರಿ?"

ಮಾವ ಯೋಚಿಸಿದರು. "ಚೊಲೊ ಬಣ್ಣ," ಎಂದರು.

ಅಂದರೆ ನಕ್ಷೆಯ ಅರ್ಧ ಮಾತ್ರ ಮಾವನ ಹತ್ತಿರ ಇತ್ತು! ಸಾಲದ್ದಕ್ಕೆ ಸಂಡೂರಿನ ಧೂಳು ಕುಡಿದು ಹನ್ನೊಂದು ದಾರಗಳೂ ಒಂದೇ ಕೆಂಪಾಗಿದ್ದವು. ತುದಿಗೆ ಬಲ್ಬು ಹಚ್ಚಿ ಒಂದೊಂದೇ ವೈರು ಪರೀಕ್ಷಿಸಲು ಎರಡು ದಿನ ಬೇಕು ಎಂದ ಮೇಸ್ತ್ರಿ. ಗಂಟೆ ಹನ್ನೊಂದೂ ಇಪ್ಪತ್ತು. ನಾನು ಅತ್ತೆಗೆ ಫೋನು ಮಾಡಿದೆ.

ಹನ್ನೆರಡೂ ಐದಕ್ಕೆ ಅತ್ತೆ ರೇಷ್ಮೆ ಸೀರೆಯುಟ್ಟು, ಕೈಯಲ್ಲೊಂದು ಚೀಲ ಹಿಡಿದು ಆಟೋದಲ್ಲಿ ಬಂದಿಳಿದರು. ಎಲ್ಲ ಕೇಳಿಸಿಕೊಂಡರು. ಜೀಪಿನೊಳಗೆ ಇಣುಕಿದರು. ಟೇಪು ಇನ್ನೂ ಕೊನೆಗಷ್ಟೇ ಬಿಚ್ಚಬೇಕಾದ ದಪ್ಪ ವೈರೊಂದರಿಂದ ಜೋತುಬಿದ್ದು ಗೇರಿನ ಮೇಲೆ ಕೂತಿತ್ತು. "ಪೆಟ್ಟಿಗಿ ಒಳಗ ಐತಿ. ನಾ ಹತ್ತಂಗಿಲ್ಲ," ಎಂದರು. ಮಾತೆಂದರೆ ಮಾತು. ಕೊನೆಗೆ ಟೇಪನ್ನು ಆ ವೈರಿನ ಸಮೇತ ಕಿಟಕಿಯಿಂದ ಹೊರಗೆ ತೂರಿಸಿದೆವು. ಮಾವ ಬಿಸಿಲಲ್ಲಿ ನಿಂತು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅತ್ತೆ ಹತ್ತಲೆಂದು ಮೇಸ್ತ್ರಿ ತನ್ನ ಸ್ಟೂಲು ಹಾಕಿದ. ಮೂರು ವರ್ಷದ ನಂತರ ಅತ್ತೆ ತಮ್ಮ ಸೀಟಿನಲ್ಲಿ ಕೂತರು.

ಮೇಸ್ತ್ರಿ ಹತ್ತಿಯನ್ನು ಪೆಟ್ರೋಲಿನಲ್ಲಿ ಅದ್ದಿ ದಾರ ಒರೆಸುವುದು, ಅತ್ತೆ ಹೆಸರು ಹೇಳುವುದು, ಹೊರಗಿನಿಂದ ಮಾವ ವೈರು ಯಾವುದೆಂದು ಕೂಗುವುದು.

"ಇದು ಗಿಳಿ ಹಸಿರು, ಯುಗಾದಿದು."

"ಹಾರ್ನ್!"

"ಇದು ನಿಮ್ಮ ತಂಗಿ ಮನಿ ಗೃಹಪ್ರವೇಶದ್ದು. ಬದನಿಕಾಯಿ ಬಣ್ಣ. ಮೊದಲ್ನೇ ಸಲ ಒಗದಾಗ ಬಣ್ಣ ಬಿಟ್ಟಿತ್ತು."

"ಎಡಗಡಿ ಇಂಡಿಕೇಟರ್! ಅದೂ ಭರೋಸಾ ಇಲ್ಲ!"

"ಅಂಥಾ ಸೀರಿ ಆರಿಸಿದವ್ರು ಯಾರ್ರೀ?"

"ಅಂಗಡಿಯಂವ ಗ್ಯಾರಂಟಿ ಅಂದಿದ್ದ!"

ಮೇಸ್ತ್ರಿ ನಗುತ್ತ ಒಂದೊಂದೇ ವೈರು ಹೊಸ ಟೇಪಿನ ಪಕ್ಕದಲ್ಲಿ ಸರಿಯಾದ ಜಾಗಕ್ಕೆ ಸೇರಿಸಿದ. ಹಾರ್ನು ಕೂಗಿತು, ವೈಪರು ಮನೆಗೆ ಹೋಗಿ ಮಲಗಿತು. ಗಂಟೆ ಎರಡಾಗುವಷ್ಟರಲ್ಲಿ ಹತ್ತು ವೈರು ಮುಗಿದು ಹನ್ನೊಂದನೆಯದು ಉಳಿಯಿತು. ಅತ್ತೆ ಆ ದಾರವನ್ನು ಬೆಳಕಿಗೆ ಹಿಡಿದು ನೋಡಿದರು. ಮತ್ತೆ ನೋಡಿದರು.

"ಇದು ನಂದಲ್ಲ."

ಮೇಸ್ತ್ರಿಯ ನಗು ನಿಂತಿತು. ನಾನು ಪೆನ್ನಿನ ಮುಚ್ಚಳ ಹಾಕಿದೆ. ಕೆಲವು ಸಂಗತಿ ಬರೆಯದಿರುವುದೇ ಒಳ್ಳೆಯದು.

"ಯಾರದ್ರೀ ಇದು?" ಎಂದರು ಅತ್ತೆ.

ಮಾವ ಕೈಯಲ್ಲಿದ್ದ ಟೇಪನ್ನೇ ನೋಡುತ್ತ, "ನಿಂದ," ಎಂದರು.

"ನನ್ನ ಹತ್ರ ಈ ಬಣ್ಣದ್ದು ಒಂದೂ ಇಲ್ಲ."

"ಐತಿ. ಕೊಟ್ಟಿಲ್ಲ." ಟೇಪಿನ ಧೂಳನ್ನು ಹೆಬ್ಬೆರಳಿನಿಂದ ಒರೆಸುತ್ತ ಮುಂದುವರಿಸಿದರು. "ಎಮ್ಮಿಗನೂರಿಂದ ಬಂದ ವಾರನ ತಂದಿದ್ದೆ. ಟೇಲರ್ ಕಡಿಂದ ಫಾಲೂ ಹಚ್ಚಿಸೀನಿ. ತಪ್ಪಾತು ಅಂತ ಹೇಳಿ ಕೊಡೂಣು ಅಂದ್ಕೊಂಡೆ. ಹೇಳಾಕ ಆಗ್ಲಿಲ್ಲ, ಅದಕ್ಕ ಕೊಡಾಕೂ ಆಗ್ಲಿಲ್ಲ. ನನ್ನ ಟ್ರಂಕಿನ್ಯಾಗೈತಿ."

ಮೇಸ್ತ್ರಿ ಆ ವೈರು ಕೂಡಿಸಿ ಸ್ವಿಚ್ಚು ಒತ್ತಿದ. ಎಡಗಡೆ ಸೀಟಿನ ಮೇಲೆ, ಗಾಜಿನ ಮೂಲೆಯಲ್ಲಿ, ಅಂಗೈಯಗಲದ ಒಂದು ಫ್ಯಾನು ತಿರುಗತೊಡಗಿತು. ಅದನ್ನು ನಾನು ಎಷ್ಟೋ ಸಲ ನೋಡಿದ್ದೆ, ತಿರುಗಿದ್ದನ್ನು ಮಾತ್ರ ನೋಡಿರಲಿಲ್ಲ. ಮಾವ ಜೀಪಿಗೆ ಅಂಟಿಸಿದ ನೂರೆಂಟು ಸಾಮಾನುಗಳಲ್ಲಿ ಇದೂ ಒಂದು ಎಂದುಕೊಂಡು ಡೈರಿಯಲ್ಲಿ ಬರೆದೇ ಇರಲಿಲ್ಲ. ಅಂಗಡಿಯಲ್ಲಿ ಸುತ್ತಿಕೊಟ್ಟ ಪ್ಲಾಸ್ಟಿಕ್ ಹಾಳೆ ಇನ್ನೂ ಅದರ ಮೇಲೇ ಇತ್ತು, ಪಟಪಟ ಹೊಡೆದುಕೊಳ್ಳುತ್ತಿತ್ತು.

"ಇದ್ಯಾವಾಗ ಹಾಕಿದ್ರಿ?"

"ನೀ ಬಸ್ಸಿಗೆ ಹೋಗಾಕ ಹತ್ತಿದ ಮ್ಯಾಗ," ಎಂದರು ಮಾವ. "ಬಸ್ಸಿನ್ಯಾಗ ನಿನಗ ಕಿಟಕಿ ಸೀಟು ಸಿಗ್ತೈತೋ ಇಲ್ಲೋ ಅಂತ ಹಿಂದ ಕುಂತು ನೋಡ್ತಿದ್ದೆ. ಇಲ್ಲಿ ಬಂದಾಗರ ಗಾಳಿ ಸಿಗ್ಲಿ ಅಂತ."

ಅತ್ತೆ ಕೈಚಾಚಿ ಪ್ಲಾಸ್ಟಿಕ್ ಹಾಳೆಯನ್ನು ಎಳೆದು ತೆಗೆದರು. ವೈರಿನ ದಾರವನ್ನು ಬಿಚ್ಚಿ ಬೆರಳಿಗೆ ಸುತ್ತಿಕೊಂಡರು. "ಎಂಥಾ ಬಣ್ಣ ಇದು! ನನಗ ಒಪ್ಪತೈತೇನ್ರೀ?" ಎಂದರು.

"ಉಟ್ಟು ನೋಡಿದ್ರ ತಾನ ಗೊತ್ತಾಗೂದು."

ದಪ್ಪ ವೈರನ್ನೂ ಬಿಚ್ಚಿದ ಮೇಲೆ ಹಳೆಯ ಟೇಪನ್ನು ಮಾವ ಮೇಸ್ತ್ರಿಯ ಕೈಗೆ ಕೊಟ್ಟರು. ಹೊಸದರಲ್ಲಿ ಯಾವ ಹಾಡು ಹಚ್ಚಲಿ ಎಂದು ಅವನು ಕೇಳಿದ. ಮಾವ ಅತ್ತೆಯ ಮುಖ ನೋಡಿದರು. "ಹೊತ್ತಾತು, ನಡೀರಿ," ಎಂದರು ಅತ್ತೆ, ಇಳಿಯದೆ.

ಎರಡೂ ಮೂವತ್ತೈದಕ್ಕೆ ಹೊರಟೆವು. ನಾನು ಹಿಂದಿನ ಸೀಟಿನಲ್ಲಿ. ಹೊಸ ಟೇಪನ್ನು ಯಾರೂ ಹಚ್ಚಲಿಲ್ಲ. ಕಮಲಾಪುರ ದಾಟಿತು. ಎರಡು ತಾಸು ಬಿಸಿಲಲ್ಲಿ ನಿಂತಿದ್ದ ಮಾವನ ಕುತ್ತಿಗೆಯಿಂದ ಬೆವರು ಇಳಿದು ಅಂಗಿ ಬೆನ್ನಿಗೆ ಅಂಟಿತ್ತು. ಅವರು ರಸ್ತೆ ಬಿಟ್ಟು ಆಗಾಗ ಎಡಕ್ಕೆ ನೋಡುತ್ತಿದ್ದರು, ಸೀಟು ಖಾಲಿಯಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವವರಂತೆ. ಅತ್ತೆ ಕೈಯೆತ್ತಿ ಫ್ಯಾನಿನ ಮುಖವನ್ನು ಮೆಲ್ಲಗೆ ಮಾವನ ಕಡೆ ತಿರುಗಿಸಿದರು.

"ಮುಂದ ನೋಡ್ಕೊಂಡು ಓಡಿಸ್ರಿ," ಎಂದರು. "ನಾ ಎಲ್ಲೂ ಹೋಗಂಗಿಲ್ಲ."